ಅಕ್ಕೋರು ಸಹಿ ಮಾಡದ ಶನಿವಾರಗಳು

ನಾನಿನ್ನೂ ಬದುಕಿದ್ದೇನೆ ಎಂದು ತೋರಿಸಲು ಕಳೆದ ತಿಂಗಳು ವಿಲೆ ಪಾರ್ಲೆಯ ಬ್ಯಾಂಕಿಗೆ ಹೋಗಿದ್ದೆ. ಪಿಂಚಣಿ ತೆಗೆದುಕೊಳ್ಳುವವರಿಗೆ ವರ್ಷಕ್ಕೊಮ್ಮೆ ಈ ಪರೀಕ್ಷೆ ತಪ್ಪದು. ಹೆಬ್ಬೆರಳನ್ನು ಎಷ್ಟು ಒತ್ತಿದರೂ ಯಂತ್ರ ನನ್ನನ್ನು ಒಪ್ಪಲಿಲ್ಲ. ಪಾತ್ರೆ ತಿಕ್ಕಿ ತಿಕ್ಕಿ ಬೆರಳಿನ ಗೆರೆಗಳೇ ಸವೆದಿವೆಯಂತೆ. ಕೌಂಟರಿನ ಹುಡುಗಿ ಡ್ರಾಯರ್ ಎಳೆದು ಒಂದು ಹಳೆಯ ಸ್ಟ್ಯಾಂಪ್ ಪ್ಯಾಡ್ ಹೊರತೆಗೆದಳು. “ನನಗೆ ಸಹಿ ಬರುತ್ತದಮ್ಮ” ಎಂದು ಸಿಡುಕಬೇಕೆಂದಿದ್ದೆ. ಅಷ್ಟರಲ್ಲಿ ಅವಳು ಮುಚ್ಚಳ ತೆರೆದಳು, ಆ ನೇರಳೆ ಮಸಿಯ ವಾಸನೆ ಮೂಗಿಗೆ ಬಂತು, ನಾನು ಬೈಕುಲ್ಲಾದ ಆ ಕೋಣೆಯಲ್ಲಿ ಅಕ್ಕೋರ ಪಕ್ಕ ಚಾಪೆಯ ಮೇಲೆ ಕೂತಿದ್ದೆ...

ನಮ್ಮ ಧಾರವಾಡದ ಕಡೆ ಶಾಲೆಯ ಟೀಚರಿಗೆ ಅಕ್ಕೋರು ಎನ್ನುತ್ತಾರೆ. ಇವರು ನಮ್ಮ ಕಡೆಯವರಲ್ಲ. ಮನೆಮಾತು ಮರಾಠಿ, ಮೂಲ ಅಲಿಬಾಗದ ಹತ್ತಿರದ ಒಂದು ಹಳ್ಳಿ, ಧರ್ಮದಿಂದ ಯಹೂದಿ. ಹಗಲು ಒಂದು ಮರಾಠಿ ಶಾಲೆಯಲ್ಲಿ ಪಾಠ ಮಾಡಿ, ಸಂಜೆ ನಮ್ಮ ಮಹಿಳಾ ಸಮಿತಿಯ ಕೋಣೆಗೆ ಬಂದು ವಿಜಾಪುರ, ಬೆಳಗಾವಿ ಕಡೆಯ ಕೂಲಿ ಹೆಂಗಸರಿಗೆ ಅಕ್ಷರ ಕಲಿಸುತ್ತಿದ್ದರು. ಅದೂ ಕನ್ನಡದಲ್ಲಿ. ಅದಕ್ಕಾಗಿ ಮೊದಲು ತಾವೇ ನನ್ನಿಂದ ಕನ್ನಡ ಅಕ್ಷರ ಕಲಿತರು. ನನ್ನ ಅಕ್ಷರ ಮುತ್ತಿನಂಥದ್ದು, ತಾಳ್ಮೆ ಮಾತ್ರ ಚಿಟಿಕೆಯಷ್ಟು. ಅವರದು ತದ್ವಿರುದ್ಧ. ಅವರ ‘ಮ’ ನೋಡಿದರೆ ನಗು ಬರುತ್ತಿತ್ತು, ಆದರೆ ಸುಣ್ಣ ಸಿಮೆಂಟು ತಿಂದು ಒರಟಾದ ಕೈಗಳನ್ನು ಹಿಡಿದು ತಿಂಗಳುಗಟ್ಟಲೆ ಅದೇ ‘ಮ’ವನ್ನು ತಿದ್ದಿಸುವ ಗುಂಡಿಗೆ ನನಗಿರಲಿಲ್ಲ.

ಗ್ರಾಂಟ್ ರೋಡಿನ ಒಂದು ಬಿಲ್ಡಿಂಗಿನಲ್ಲಿ ಅವರ ಮನೆ. ಜೊತೆಗೆ ಕಾರವಾರದ ಕಡೆಯ ಒಬ್ಬ ನರ್ಸ್ ಇದ್ದರು. ಇಬ್ಬರಿಗೂ ಮದುವೆಯಾಗಿರಲಿಲ್ಲ. ಎಷ್ಟೋ ವರ್ಷಗಳಿಂದ ಒಂದೇ ಕೋಣೆ, ಒಂದೇ ಸ್ಟೋವ್. ನಾವು ಯಾರೂ ಏನೂ ಕೇಳುತ್ತಿರಲಿಲ್ಲ, ಅವರೂ ಹೇಳುತ್ತಿರಲಿಲ್ಲ. ಹಾಗೆ ಕೇಳದೇ ಇರುವುದೇ ದೊಡ್ಡ ಸಭ್ಯತೆ ಎಂದು ನಾವು ತಿಳಿದಿದ್ದೆವು.

ಹಾಜರಿ ಪುಸ್ತಕ ಇಡಬೇಕೆಂದದ್ದು ಅಕ್ಕೋರೇ. ಕಲಿತ ಹೆಸರನ್ನು ಬರೆಯಲು ಹೆಂಗಸರಿಗೆ ಒಂದು ಜಾಗ ಬೇಕಲ್ಲ! ಬಂದವರೆಲ್ಲ ಸಹಿ ಮಾಡಬೇಕು. ಸಹಿ ಬರದವರು ಪಕ್ಕದಲ್ಲಿದ್ದ ಸ್ಟ್ಯಾಂಪ್ ಪ್ಯಾಡಿನಲ್ಲಿ ಹೆಬ್ಬೆಟ್ಟು ಅದ್ದಬೇಕು. ಆ ಪುಸ್ತಕ ನನ್ನ ವಶದಲ್ಲಿತ್ತು. ಹತ್ತು ಜನ ಸಹಿ ಹಾಕದಿದ್ದರೆ ಸಭೆ ಸಭೆಯಲ್ಲ, ಸತತ ಮೂರು ಸಭೆಗೆ ಸಹಿ ಇಲ್ಲದವರು ಸದಸ್ಯರಲ್ಲ ಎಂಬ ನಿಯಮಗಳನ್ನು ಆಮೇಲೆ ಸೇರಿಸಿದವರು ನಮ್ಮ ಕಾರ್ಯದರ್ಶಿ. ಆಕೆ ಬೆಳಗಾವಿಯವರು, ಓದಿಕೊಂಡವರು. ನಲ್ಲಿ ನೀರಿನ ಮೆರವಣಿಗೆಯಲ್ಲಿ ಲಾಠಿ ಏಟು ತಿಂದರೂ ಹಿಂದೆ ಸರಿಯದ ಹೆಣ್ಣು. ಆಕೆಯನ್ನು ಕೆಟ್ಟವಳೆಂದು ಬರೆದರೆ ನನಗೇ ಸಮಾಧಾನವಾಗದು. ಆದರೆ ಆ ವರ್ಷ ಆಕೆ ಮಾಡಿದ್ದು ಕೆಟ್ಟದ್ದೇ.

ಅದು ಎಪ್ಪತ್ತರ ದಶಕದ ಮೊದಲ ವರ್ಷಗಳು. ಇಸ್ರೇಲಿಗೂ ಅರಬ್ ದೇಶಗಳಿಗೂ ಯುದ್ಧ ಹತ್ತಿ, ಇಲ್ಲಿ ಸೀಮೆಎಣ್ಣೆಯ ಕ್ಯೂ ರಸ್ತೆಯ ತಿರುವು ದಾಟುತ್ತಿತ್ತು. ಸಮಿತಿಯಲ್ಲಿ ಯುದ್ಧವನ್ನು ಖಂಡಿಸುವ ಠರಾವು ಬಂತು. ಎಲ್ಲರೂ ಸಹಿ ಮಾಡಿದೆವು, ಅಕ್ಕೋರೂ ಮಾಡಿದರು. ಆಗ ಕಾರ್ಯದರ್ಶಿ ಚೀಲದಿಂದ ಇನ್ನೊಂದು ಕಾಗದ ತೆಗೆದರು. ತನಗೂ ಇಸ್ರೇಲಿಗೂ ಸಂಬಂಧವಿಲ್ಲ, ಅದನ್ನು ತಾನು ಧಿಕ್ಕರಿಸುತ್ತೇನೆ ಎಂದು ಅಕ್ಕೋರ ಹೆಸರಿನಲ್ಲಿ ಬರೆದ ಕಾಗದ.

“ಇದು ಪರ್ಸನಲ್ ಅಲ್ಲರಿ, ತತ್ತ್ವದ ಪ್ರಶ್ನೆ. ನೀವು ಯಾವ ಕಡೆ ಅಂತ ಜನಕ್ಕ ಗೊತ್ತಾಗಬೇಕಲ್ಲ” ಎಂದರು ಕಾರ್ಯದರ್ಶಿ.

ಅಕ್ಕೋರು ಅದನ್ನು ಪೂರ್ತಿ ಓದಿದರು. “ಎಲ್ಲರೂ ಸಹಿ ಮಾಡಿದ ಕಾಗದಕ್ಕ ನಾನು ಬಿ ಮಾಡೀನಿ. ನನಗ ಒಬ್ಬಳಿಗೇ ಬ್ಯಾರೆ ಕಾಗದ ಕಶಾಲಾ, ಯಾಕ?” ಎಂದು ಕೇಳಿ ಅದನ್ನು ಮಡಿಚಿ ವಾಪಸ್ ಕೊಟ್ಟರು.

ಕಾರ್ಯದರ್ಶಿಯ ಗೆಳತಿಯೊಬ್ಬಳು ಹಿಂದಿನಿಂದ, “ಹಂಗಾದ್ರ ನಿಮ್ಮ ದೇಶಕ್ಕ ಹೋಗ್ರಿ” ಎಂದಳು. ಅಕ್ಕೋರು ತಿರುಗಿ ನೋಡಿ ನಕ್ಕುಬಿಟ್ಟರು. “ನಮ್ಮ ಗಾವ್ ಅಲಿಬಾಗ್ ಬಾಜೂಕ. ಭಾವುಚಾ ಧಕ್ಕಾ ಬಂದರದಾಗ ಲಾಂಚ್ ಸಿಗ್ತದ. ನೀ ಬಿ ಬಾ, ಸೋಲಕಡಿ ಕುಡಸ್ತೀನಿ.” ಕೂಲಿ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ಅಲ್ಲಿಗೆ ಎಲ್ಲ ಮುಗಿಯಿತೆಂದುಕೊಂಡೆ.

ಮುಗಿದಿರಲಿಲ್ಲ. ಮುಂದಿನ ವಾರ ಕಾರ್ಯದರ್ಶಿ ನನ್ನಿಂದ ಒಂದು ನೋಟೀಸು ಬರೆಸಿದರು. ಸಭೆ ಇನ್ನು ಗುರುವಾರ ಅಲ್ಲ, ಶನಿವಾರ ಮಧ್ಯಾಹ್ನ. ಆಫೀಸುಗಳಿಗೆ ಶನಿವಾರ ಅರ್ಧ ದಿನ, ಎಲ್ಲರಿಗೂ ಅನುಕೂಲ ಎಂಬುದು ಕೊಟ್ಟ ಕಾರಣ. ನಾನು ಅದನ್ನು ಕನ್ನಡದಲ್ಲೂ ಮರಾಠಿಯಲ್ಲೂ ಅಂದವಾಗಿ ಬರೆದು ಬಾಗಿಲಿಗೆ ಅಂಟಿಸಿದೆ. ಶನಿವಾರ ಅಕ್ಕೋರ ಧರ್ಮದಲ್ಲಿ ಸಬ್ಬತ್ತು, ಯಾವ ಕೆಲಸವನ್ನೂ ಮಾಡಬಾರದ ದಿನವೆಂದು ನನಗೆ ಗೊತ್ತಿತ್ತು. ಅಂದು ಅವರು ಒಲೆ ಹಚ್ಚುವುದಿಲ್ಲ, ಬಸ್ಸು ಹತ್ತುವುದಿಲ್ಲ, ಪೆನ್ನು ಹಿಡಿಯುವುದಿಲ್ಲ. ಗೊತ್ತಿದ್ದೂ ಬರೆದೆ. ಕಾರ್ಯದರ್ಶಿಯ ಎದುರು ಬಾಯಿ ತೆರೆಯುವ ಧೈರ್ಯ ನನಗೆ ಬರಲಿಲ್ಲ. ಅಕ್ಕೋರು ಬಂದು ನೋಟೀಸು ಓದಿ, “ನಿಮ್ಮ ಅಕ್ಷರ ಭಾಳ ಚಂದ” ಎಂದರು. ಕುಹಕವೇನೂ ಇರಲಿಲ್ಲ, ನಿಜವಾಗಿಯೇ ಹೊಗಳಿದರು. ನನಗೆ ನೆಲ ಬಾಯಿ ಬಿಡಬಾರದೇ ಎನಿಸಿತು.

ಅವರು ಬರಲಾರರು ಎಂದೇ ಎಲ್ಲರ ಲೆಕ್ಕ. ಶನಿವಾರ ಎರಡು ಗಂಟೆಗೆ ಬಾಗಿಲಲ್ಲಿ ಅಕ್ಕೋರು! ಗ್ರಾಂಟ್ ರೋಡಿನಿಂದ ಆ ಬಿಸಿಲಲ್ಲಿ ನಡೆದೇ ಬಂದಿದ್ದರು. ಕುಪ್ಪಸದ ಬೆನ್ನು ಪೂರ್ತಿ ಒದ್ದೆ. ಕೂತರು, ಮಾತಾಡಿದರು, ರೇಷನ್ ವಿಷಯದಲ್ಲಿ ಜಗಳವನ್ನೂ ಆಡಿದರು. ಪುಸ್ತಕ ಬಂದಾಗ ಮಾತ್ರ ಕೈ ಮಡಿಲಲ್ಲೇ ಉಳಿಯಿತು. “ಸಹಿ ಇಲ್ಲಂದ್ರ ಹಾಜರಿ ಇಲ್ಲ. ನಿಯಮ ಎಲ್ಲರಿಗೂ ಒಂದೇ” ಎಂದರು ಕಾರ್ಯದರ್ಶಿ. ನಾನು ಅವರ ಹೆಸರಿನ ಮುಂದಿನ ಜಾಗವನ್ನು ಖಾಲಿ ಬಿಟ್ಟೆ. ಎರಡನೆಯ ಶನಿವಾರವೂ ಅಷ್ಟೇ. ನಡೆದು ಬಂದರು, ನಡೆದು ಹೋದರು, ಪುಸ್ತಕದಲ್ಲಿ ಬರಲಿಲ್ಲ. ಮೂರನೆಯ ಶನಿವಾರವೂ ಖಾಲಿ ಬಿದ್ದರೆ ಸದಸ್ಯತ್ವ ಹೋಗುತ್ತಿತ್ತು. ಸದಸ್ಯರಲ್ಲದವರಿಗೆ ಆ ಕೋಣೆಯಲ್ಲಿ ಪಾಠ ಮಾಡುವ ಹಕ್ಕೂ ಇರಲಿಲ್ಲ.

ಆ ಮೂರನೆಯ ಶನಿವಾರ ಕೋಣೆ ಕಿಕ್ಕಿರಿದಿತ್ತು. ಕಾರ್ಯದರ್ಶಿಯೂ ಅವರ ಮೂವರು ಗೆಳತಿಯರೂ ಸಹಿ ಮಾಡಿ ಪುಸ್ತಕವನ್ನು ಕೂಲಿ ಹೆಂಗಸರ ಕಡೆ ದಾಟಿಸಿದರು. ಮೊದಲು ಕೂತವಳು ವಿಜಾಪುರದ ಕಡೆಯ ಹಿರಿಯ ಹೆಂಗಸು. ಕಟ್ಟಡಗಳಲ್ಲಿ ಗಾರೆ ಹೊರುವವಳು, ಎಲ್ಲರ ಬಾಯಲ್ಲೂ ಆಯಿ. ತನ್ನ ಹೆಸರು ಬರೆಯಲು ಆಕೆಗೆ ಎಂಟು ತಿಂಗಳು ಹಿಡಿದಿತ್ತು. ಆಮೇಲೆ ಸಹಿ ಮಾಡುವುದೆಂದರೆ ಆಕೆಗೆ ಎಲ್ಲಿಲ್ಲದ ಸಡಗರ, ಸೆರಗು ಸರಿ ಮಾಡಿಕೊಂಡೇ ಪೆನ್ನು ಹಿಡಿಯುತ್ತಿದ್ದಳು. ಅಂದು ಪೆನ್ನು ಎತ್ತಿ ನೋಡಿ, ಹಾಗೇ ಕೆಳಗಿಟ್ಟಳು.

“ಅಕ್ಕೋರು ಇಲ್ಲೇ ಕುಂತಾರ. ನನ್ನ ಕಣ್ಣಿಗಿ ಕಾಣಾಕತ್ತಾರ. ಅವರು ಬಂದಿಲ್ಲಂದ್ರ ನಾನೂ ಬಂದಿಲ್ಲ, ಬರಕೋರಿ.”

ಕಾರ್ಯದರ್ಶಿಗೆ ರೇಗಿತು. “ಸಹಿ ಮರತಿದ್ರ ಹೆಬ್ಬೆಟ್ಟು ಒತ್ತಬೇ” ಎಂದು ಸ್ಟ್ಯಾಂಪ್ ಪ್ಯಾಡನ್ನು ಆಕೆಯತ್ತ ತಳ್ಳಿದರು. ಆಯಿ ಅದರ ಮುಚ್ಚಳ ಹಾಕಿ ಟಪ್ಪೆಂದು ಒತ್ತಿದಳು. “ಮರತಿಲ್ಲವಾ. ಎಂಟು ತಿಂಗಳ ಕಲತೀನಿ. ಹಾಕೂದೂ ನನ್ನ ಖುಷಿ, ಬಿಡೂದೂ ನನ್ನ ಖುಷಿ.”

ಪುಸ್ತಕ ಪಕ್ಕದವಳಿಗೆ ಹೋಯಿತು. ಆಕೆಯೂ ದಾಟಿಸಿದಳು. ಹದಿನಾರು ಹೆಂಗಸರು, ಒಬ್ಬರೂ ಸಹಿ ಮಾಡಲಿಲ್ಲ. ಕೊನೆಗೆ ಅದು ನನ್ನ ಮಡಿಲಿಗೆ ಬಂದು ಬಿತ್ತು. ಕಾರ್ಯದರ್ಶಿ ನನ್ನನ್ನೇ ನೋಡುತ್ತಿದ್ದರು. “ನಾಲ್ಕೇ ಸಹಿ ಅದಾವರಿ. ಇವತ್ತ ಸಭೆನೇ ಆಗಿಲ್ಲ” ಎಂದು ಹೇಳಿ ಪುಸ್ತಕ ಮುಚ್ಚಿದೆ. ನನ್ನ ಬಾಯಿಂದ ಆ ಮಾತು ಹೇಗೆ ಹೊರಟಿತೋ... ಆಯಿಯ ಬೆನ್ನ ಹಿಂದೆ ನಿಂತಾಗ ನನ್ನಂಥ ಪುಕ್ಕಲಿಗೂ ಧೈರ್ಯ ಬರುತ್ತದೆ ಎಂದಷ್ಟೇ ಹೇಳಬಲ್ಲೆ. ಜೀವನದಲ್ಲಿ ನಾನು ಹೆಮ್ಮೆಪಡುವ ಕೆಲಸಗಳು ಹೆಚ್ಚಿಲ್ಲ. ಇರುವುದರಲ್ಲಿ ಇದೇ ಮೊದಲನೆಯದು.

ಅಕ್ಕೋರು ಹಿಗ್ಗಿದರೆಂದುಕೊಂಡಿರಾ? ಅವರಿಗೆ ಸಿಟ್ಟು ಬಂದಿತ್ತು! “ಇಷ್ಟ್ ಮೆಹನತ್ ಮಾಡಿ ಕಲಿಸೀನಿ, ಒಬ್ಬಳೂ ಸಹಿ ಮಾಡಂಗಿಲ್ಲ ಅಂದ್ರ?” ಎಂದು ಎಲ್ಲರನ್ನೂ ಗದರಿಸಿದರು. ಗದರಿಸುತ್ತಲೇ ಕಣ್ಣು ತುಂಬಿ ಬಂತು, ಸೆರಗಿನಿಂದ ಮುಖ ಮುಚ್ಚಿಕೊಂಡರು. ಅಂದು ಅವರನ್ನು ಬಿಡಲು ಗ್ರಾಂಟ್ ರೋಡಿನವರೆಗೆ ನಾವೆಲ್ಲ ನಡೆದೇ ಹೋದೆವು. ಅಕ್ಕೋರೂ ಸೇರಿ ಹದಿನೆಂಟು ಹೆಂಗಸರು ಫುಟ್‌ಪಾತ್ ತುಂಬ ನಡೆದರೆ ಯಾವ ಮೋರ್ಚಾ ಎಂದು ಅಂಗಡಿಯವರು ಕೇಳುತ್ತಿದ್ದರು.

ಗೆದ್ದೆವೇ ಎಂದರೆ, ಹೌದೂ ಅಲ್ಲ, ಇಲ್ಲವೂ ಅಲ್ಲ. ಸಮಿತಿಯ ಹೆಸರು, ಕೋಣೆ ಕಾರ್ಯದರ್ಶಿಯ ಬಳಿಯೇ ಉಳಿದವು. ಆಕೆ ಕ್ಷಮೆ ಕೇಳಲಿಲ್ಲ. ನಾವು ಆಯಿಯ ಚಾಳದ ಪಡಸಾಲೆಯಲ್ಲಿ ಗುರುವಾರದ ಪಾಠ ಶುರು ಮಾಡಿದೆವು, ಅದು ಹಲವು ವರ್ಷ ನಡೆಯಿತು. ಅಲ್ಲಿ ಹೆಸರು ಬರೆಯಲು ಕಲಿತವರು ಎಷ್ಟೋ ಮಂದಿ. ಅವರಲ್ಲಿ ಯಾರನ್ನೂ ನೀನು ಯಾವ ಕಡೆ ಎಂದು ಅಕ್ಕೋರು ಕೇಳಲಿಲ್ಲ.

ಅಕ್ಕೋರು ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ತಡವಾಗಿ. ಗ್ರಾಂಟ್ ರೋಡಿನ ಮನೆಗೆ ಹೋದಾಗ ಆ ನರ್ಸ್ ಒಬ್ಬರೇ ಇದ್ದರು. ಚಹಾ ಕೊಟ್ಟರು. ಅಕ್ಕೋರ ಅಣ್ಣನ ಮನೆಯವರೆಲ್ಲ ಎಂದೋ ಇಸ್ರೇಲಿಗೆ ಹೋಗಿ ನೆಲೆಸಿದ್ದರು; ಅಕ್ಕೋರು ಮಾತ್ರ ಏಕೆ ಉಳಿದರೆಂದು ಕೇಳಿದೆ. ಕೇಳಬೇಕೆಂದು ಅಷ್ಟು ವರ್ಷಗಳ ಮೇಲೆ ನನಗೆ ತೋಚಿತು.

“ಅಣ್ಣ ಕರ್ದಿದ್ದ. ನೀವೆಲ್ಲ ಸಹಿ ಮಾಡ್ದೆ ಕೂತ್ರಲ್ಲ, ಆ ವರ್ಷವೇ” ಎಂದರು. “ಇವಳು ಒಂದೇ ಕೇಳಿ ಬರ್ದಳು. ನಾವು ಇಬ್ರು ಬರ್ತೇವೆ, ಇಬ್ರಿಗೂ ಜಾಗ ಉಂಟಾ ಅಂತ. ಅದಕ್ಕೆ ಉತ್ತರ ಬರ್ಲೇ ಇಲ್ಲ. ಇವಳು ಮತ್ತೆ ಕೇಳ್ಲಿಲ್ಲ.”

ನಿಮ್ಮ ದೇಶಕ್ಕೆ ಹೋಗಿ ಎಂಬ ಮಾತಿಗೆ ಲಾಂಚಿನ ದಾರಿ ತೋರಿಸಿ ನಗಿಸಿದ ಆ ಹೆಣ್ಣು ಅದೇ ವರ್ಷ ಆ ಪತ್ರಕ್ಕೆ ಉತ್ತರ ಕಾಯುತ್ತಿದ್ದಳೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಅಂಥವರ ಪಕ್ಕ ಒಂದು ಮಧ್ಯಾಹ್ನ ಕೂತಿದ್ದೆನಲ್ಲ ಎಂಬ ಹೆಮ್ಮೆ ನನಗೆ ಈಗಲೂ ಇದೆ.

ಈಗ ನರ್ಸ್ ಕೂಡ ಇಲ್ಲ. ಆಯಿ ಎಂದೋ ಹೋದಳು. ಪ್ರತಿ ದೀಪಾವಳಿಗೂ ನಾನು ಅಕ್ಕೋರನ್ನು ಮನೆಗೆ ಊಟಕ್ಕೆ ಕರೆಯುತ್ತಿದ್ದೆ, ಪ್ರತಿ ಸಲವೂ ಅವರು ನಗುತ್ತ ಏನಾದರೊಂದು ನೆವ ಹೇಳುತ್ತಿದ್ದರು. ಏಕೆ ಬರುವುದಿಲ್ಲವೆಂದು ನನಗೆ ಬೇಸರವೂ ಆಗುತ್ತಿತ್ತು. ಅಷ್ಟು ವರ್ಷವೂ ನಾನು ಕರೆದದ್ದು ಅವರೊಬ್ಬರನ್ನೇ, ಅವರಿಬ್ಬರನ್ನಲ್ಲ.