ನಾಲ್ಕನೇ ಕ್ಯಾಸೆಟ್ಟಿನ ಮಗ್ಗ

ಹೋದ ತಿಂಗಳು ಬೆಂಗಳೂರಿನಲ್ಲಿ ನಾಲ್ಕು ಹಳೆಯ ಕ್ಯಾಸೆಟ್ಟುಗಳು ಹರಾಜಾದವು. ಈಗ ದೇಶವನ್ನೆಲ್ಲ ಕುಣಿಸುವ ಒಂದು ರಾಕ್ ಬ್ಯಾಂಡಿನ ಹುಡುಗರು ತಮಗೊಂದು ಹೆಸರೂ ಇಟ್ಟುಕೊಂಡಿರದ ಕಾಲದಲ್ಲಿ ಮಾಡಿದ ರೆಕಾರ್ಡಿಂಗುಗಳು ಅವು. ಎಷ್ಟಕ್ಕೆ ಹೋಯಿತು ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೂ ನನ್ನನ್ನೇ ಕೇಳಿದರು. ನಾಲ್ಕೂ ರೆಕಾರ್ಡಾದದ್ದು ಹೊಸದುರ್ಗದ ಹತ್ತಿರದ ಹಳ್ಳಿಯಲ್ಲಿ, ನಮ್ಮ ಮನೆಯಲ್ಲಿ. ಬೆಲೆ ಪೇಪರಿನಲ್ಲಿದೆ, ನೋಡಿಕೊಳ್ಳಿ ಎಂದೆ. ಹರಾಜಿನ ಪಟ್ಟಿಯಲ್ಲಿ ನಾಲ್ಕನೇ ಕ್ಯಾಸೆಟ್ಟಿನ ಎದುರು ಒಂದು ಸುಳ್ಳು ಅಚ್ಚಾಗಿತ್ತು. ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ.

ನಾನು ಹೊಳಲ್ಕೆರೆಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ತಪ್ಪು ಉತ್ತರದ ಮೇಲೆ ಸರಿ ಗುರುತು ಕಂಡರೆ ನನಗೆ ಊಟ ಸೇರುವುದಿಲ್ಲ. ಆ ಪಟ್ಟಿಯಲ್ಲಿ ‘ಡ್ರಮ್ಸ್’ ಎಂದು ಬರೆದು, ಮುಂದೆ ಬ್ಯಾಂಡಿನ ಡ್ರಮ್ಮರನ ಹೆಸರು ಹಾಕಿದ್ದರು. ನಾಲ್ಕನೆಯದು ರೆಕಾರ್ಡಾದ ಭಾನುವಾರ ಡ್ರಮ್ಮರನಿಗೆ ಕಾಮಾಲೆಯಾಗಿ ಅವನು ಭರಮಸಾಗರದ ಮನೆಯಲ್ಲಿ ಹಳದಿ ಕಣ್ಣು ಬಿಟ್ಟುಕೊಂಡು ಮಲಗಿದ್ದ. ಕ್ಯಾಸೆಟ್ಟಿನಲ್ಲಿ ಕೇಳುವ ಪೆಟ್ಟು ನಮ್ಮವ್ವನ ಕಂಬಳಿ ಮಗ್ಗದ್ದು.

ನಮ್ಮ ಕಡೆ ಹೆಂಗಸರು ಉಣ್ಣೆ ನೂಲುತ್ತಾರೆ, ಗಂಡಸರು ನೇಯುತ್ತಾರೆ. ಅಪ್ಪನಿಗೆ ಕುರಿಗಳ ಹಿಂದೆ ಹತ್ತು ಊರು ತಿರುಗುವ ತಾಳ್ಮೆಯಿತ್ತು, ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂರುವ ತಾಳ್ಮೆ ಇರಲಿಲ್ಲ. ಅವ್ವ ಕೂತಳು. ನೋಡಿ ನೋಡಿ ಕಲಿತು, ಅಪ್ಪನಿಗಿಂತ ಚೆನ್ನಾಗಿ ನೇಯ್ದಳು. ಆದರೆ ಹೆಂಗಸಿನ ಕೈಪೆಟ್ಟು ಸಡಿಲ, ಅಂಥ ಕಂಬಳಿಯಲ್ಲಿ ಮಳೆ ಇಳಿಯುತ್ತದೆ ಎಂಬ ಮಾತೊಂದು ಸಂತೆಯಲ್ಲಿತ್ತು. ಹಿರಿಯೂರು ಸಂತೆಗೆ ಕಂಬಳಿ ಹೊತ್ತು ಹೋಗುತ್ತಿದ್ದವಳು ನಾನು. ಕೊಳ್ಳುವವರು ಕಂಬಳಿಯನ್ನು ಎರಡೂ ಕೈಯಲ್ಲಿ ಹಿಗ್ಗಿಸಿ ನೋಡಿ, “ಯಾರಮ್ಮ ನೇಯ್ದಿದ್ದು?” ಅನ್ನುತ್ತಿದ್ದರು. “ನಮ್ಮಪ್ಪ” ಅನ್ನುತ್ತಿದ್ದೆ. ಹಾಗೆನ್ನಲು ಅವ್ವನೇ ಹೇಳಿಕೊಟ್ಟಿದ್ದಳು. ಆರೇಳು ವರ್ಷ ಹೇಳಿದೆ, ಒಮ್ಮೆಯೂ ನಾಲಿಗೆ ತೊದಲಲಿಲ್ಲ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಆ ಹುಡುಗರು ಚಿತ್ರದುರ್ಗದ ಕಾಲೇಜಿನವರು. ಬಾಡಿಗೆ ರೂಮಿನಲ್ಲಿ ರೆಕಾರ್ಡ್ ಮಾಡಿದರೆ ದನಿ ಗೋಡೆಗೆ ಬಡಿದು ವಾಪಸು ಬರುತ್ತದೆಂದು, ಗೋಡೆಗೆ ಇಳಿಬಿಡಲು ಕಂಬಳಿ ಕೊಳ್ಳಲು ಬಂದಿದ್ದರು. ಕಿಸೆಯಲ್ಲಿ ಒಂದು ಕಂಬಳಿಗಾಗುವಷ್ಟೂ ಇರಲಿಲ್ಲ. ಅವ್ವ ನಕ್ಕು, “ಅಲ್ರಪ್ಪ, ಮುಂದಿನ ಕೋಣೆ ತುಂಬ ಕಂಬ್ಳಿನೇ ಐತೆ. ಇಲ್ಲೇ ಬಂದು ಬಾರಿಸ್ಕಳ್ರಿ” ಅಂದಳು. ಸಂತೆಗೆ ಹೋಗಬೇಕಾದ ಕಂಬಳಿಗಳು ಆ ಕೋಣೆಯಲ್ಲಿ ಸೂರಿನವರೆಗೂ ಪೇರಿಸಿದ್ದವು. ಹುಡುಗರು ಗಿಟಾರು, ಟೇಪ್ ರೆಕಾರ್ಡರು ಹೊತ್ತುಕೊಂಡು ನಾಲ್ಕು ಭಾನುವಾರ ಬಂದರು. ಊರವರು ಕಿಟಕಿಯಲ್ಲಿ ಇಣುಕಿ, ಇದೇನು ಹುಡುಗರಿಗೆ ಹೊಟ್ಟೆನೋವಾ ಎಂದು ಕೇಳಿ ಹೋದರು.

ಮೊದಲ ಮೂರು ಭಾನುವಾರ ಅವರಿಗಾಗಿ ಅವ್ವ ಮಗ್ಗ ನಿಲ್ಲಿಸಿದ್ದಳು. ನಾಲ್ಕನೆಯದರಲ್ಲಿ ಆಗಲಿಲ್ಲ, ಬಬ್ಬೂರಿನ ಒಂದು ಮದುವೆಮನೆಗೆ ಮಾರನೆಯ ದಿನವೇ ಕಂಬಳಿ ಕೊಡಬೇಕಿತ್ತು. ಡ್ರಮ್ಮರನೂ ಇಲ್ಲ, ಒಳಗಿನ ಕೋಣೆಯಿಂದ ಧಡ್ ಧಡ್ ಪೆಟ್ಟು ಬೇರೆ. ಹಾಡುವ ಹುಡುಗ ಬಾಗಿಲಲ್ಲಿ ನಿಂತು, ಅರ್ಧ ಗಂಟೆ ನಿಲ್ಲಿಸಿ ಅಮ್ಮಾ ಎಂದು ಬೇಡಿಕೊಂಡ. ಅವ್ವ ತಲೆ ಎತ್ತಲಿಲ್ಲ.

“ನಾನು ನಿಲ್ಸಾಕಾಗಲ್ಲಪ್ಪ. ನೀವೇ ನನ್ ಜೊತಿಗೆ ಬರ್ರಿ.”

ಅವರು ಜೊತೆಗೆ ಬಂದರು. ಎರಡು ಭಾರದ ಪೆಟ್ಟು, ಒಂದು ಹಗುರ, ಅದು ಅವ್ವನ ಕೈಯ ನಡೆ. ಗಿಟಾರು ಮೊದಲು ತಡವರಿಸಿತು, ಆಮೇಲೆ ಹಾದಿ ಹಿಡಿಯಿತು. ಹಾಡಿನ ನಡುವೆ ಮಗ್ಗದ ಎಳೆಯೊಂದು ಹರಿಯಿತು. ಅವ್ವ ನಿಲ್ಲಿಸಿ ಗಂಟು ಹಾಕತೊಡಗಿದಳು. ಗಿಟಾರಿನ ಹುಡುಗ ಒಂದೇ ತಂತಿಯನ್ನು ಮೀಟುತ್ತ ಅವಳಿಗಾಗಿ ಕಾದ. ಗಂಟು ಬಿದ್ದಿತು, ಪೆಟ್ಟು ಶುರುವಾಯಿತು, ಹಾಡು ಮುಂದುವರಿಯಿತು. ಮುಂದೆ ಅದೇ ಹಾಡನ್ನು ಅವರು ಸ್ಟುಡಿಯೋದಲ್ಲಿ ಹಾಡಿ ಹೆಸರಾದಾಗ ಆ ನಿಲುಗಡೆಯನ್ನು ಹಾಗೇ ಉಳಿಸಿಕೊಂಡರು. ಈಗ ಮೈದಾನದಲ್ಲಿ ಸಾವಿರಾರು ಜನ ಅಲ್ಲಿಗೆ ಬಂದಾಗ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಆ ಮೌನದ ಆಳದ ಬಗ್ಗೆ ತಿಳಿದವರು ಪುಟಗಟ್ಟಲೆ ಬರೆದಿದ್ದಾರೆ. ಓದಿ ನಗು ಬರುತ್ತಿತ್ತು, ಪಟ್ಟಿ ನೋಡುವವರೆಗೆ.

ಹರಾಜಿನವರಿಗೆ ಕಾಗದ ಬರೆದೆ. ಡ್ರಮ್ಮರ್ ಉಣ್ಣೆಯ ಮೂಟೆಯ ಮೇಲೆ ಕೈಯಲ್ಲಿ ಬಾರಿಸಿದ್ದಾಗಿ ಎಷ್ಟೋ ಸಂದರ್ಶನಗಳಲ್ಲಿ ಹೇಳಿದ್ದಾರೆ, ನಿಮ್ಮ ಪ್ರೀತಿಗೆ ಧನ್ಯವಾದ ಎಂದು ಉತ್ತರ ಬಂತು. ಆ ಮನುಷ್ಯ ಬೇಕೆಂದೇ ಸುಳ್ಳು ಹೇಳಿದ ಎನ್ನಲಾರೆ. ಹೇಳಿ ಹೇಳಿ ಅವನಿಗೇ ನಿಜವಾಗಿರಬೇಕು. ಎರಡನೆಯ ಕಾಗದ ಬರೆದೆ, ಮೂರನೆಯದೂ ಬರೆದೆ. ಅಷ್ಟರಲ್ಲಿ, ಕೊಂಡವರಿಗೆ ಒಪ್ಪಿಸುವ ಮೊದಲು, ಬ್ಯಾಂಡಿನ ತವರೆಂದು ಕ್ಯಾಸೆಟ್ಟುಗಳನ್ನು ಒಂದು ದಿನ ಚಿತ್ರದುರ್ಗದ ಹೋಟೆಲೊಂದರಲ್ಲಿ ನೋಡಲು ಇಡುತ್ತಾರೆಂದು ಸುದ್ದಿ ಬಂತು. ರಜೆ ಹಾಕಿ ಊರಿಗೆ ಹೋದೆ.

ಅಪ್ಪ ತೀರಿಕೊಂಡು ಮಗ್ಗ ಬಿಚ್ಚಿದ ಮೇಲೂ ಅವ್ವ ಊರು ಬಿಟ್ಟಿಲ್ಲ. ಓಣಿಯ ಹೆಣ್ಣುಮಕ್ಕಳಿಗೆ ನೂಲುವುದು ಹೇಳಿಕೊಡುತ್ತಾಳೆ, ಅವರನ್ನು ಬೈಯುವುದರಲ್ಲಿ ದಿನ ಸಾಲದು ಅವಳಿಗೆ. ವಿಷಯ ಹೇಳಿದೆ.

“ಬಿಡೇ, ಯಾರ್ ಹೆಸ್ರಿದ್ರೇನು. ಕಂಬ್ಳಿ ಹೊದ್ದೋರಿಗೆ ಬೆಚ್ಚಗಾತಿಲ್ಲೋ.”

“ನಾನು ಬಿಡಲ್ಲ. ನೀನು ಬರ್ತೀಯೋ, ಅಲ್ಲಿಗೆ ಹೋಗಿ ನಾನೊಬ್ಬಳೇ ಜಗಳ ಆಡಲೋ?”

ಜಗಳದಲ್ಲಿ ನನ್ನ ಮೇಲೆ ಅವಳಿಗೆ ನಂಬಿಕೆಯಿಲ್ಲ. ಸೀರೆ ಬದಲಿಸಿ ಬಂದಳು.

ಹೋಟೆಲಿನ ಹಾಲಿನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ನಾಲ್ಕು ಕ್ಯಾಸೆಟ್ಟುಗಳಿದ್ದವು, ನಮ್ಮ ಮನೆಯ ಅರಿಶಿನದ ಬೆರಳಚ್ಚು ಒಂದರ ಮೇಲೆ ಹಾಗೇ ಇತ್ತು. ಉಸ್ತುವಾರಿಗೆ ಕನ್ನಡಕದ ಯುವಕನೊಬ್ಬ ಕೂತಿದ್ದ. ನನ್ನ ಮೂರು ಕಾಗದಗಳೂ ಅವನಿಗೆ ನೆನಪಿದ್ದವು, ಅದು ಮುಖದಲ್ಲೇ ಕಂಡಿತು. ಒಮ್ಮೆ ಕೇಳಿಸಿ ಎಂದೆ. ನಾಲ್ಕನೆಯದನ್ನು ಇದುವರೆಗೆ ಹೊರಗಿನ ಯಾರಿಗೂ ಕೇಳಿಸಿಲ್ಲ, ನಾನೂ ಪೂರ್ತಿ ಕೇಳಿಲ್ಲ ಎಂದ. ಅವ್ವನನ್ನು ಕುರ್ಚಿ ಎಳೆದು ಅವನೆದುರೇ ಕೂರಿಸಿ, ಕೇಳಿಸುವವರೆಗೆ ಏಳುವುದಿಲ್ಲ ಎಂದೆ. ಅವನು ನಿಟ್ಟುಸಿರು ಬಿಟ್ಟು, ಲ್ಯಾಪ್‌ಟಾಪಿಗೆ ಇಳಿಸಿಕೊಂಡಿದ್ದ ಹಾಡನ್ನು ಹಾಕಿದ.

ಎರಡು ಭಾರ, ಒಂದು ಹಗುರ. ಅವ್ವ ತಲೆ ವಾರೆ ಮಾಡಿ ಕೇಳಿದಳು. ಸ್ವಲ್ಪ ಹೊತ್ತಿಗೆ ಹುಬ್ಬು ಗಂಟಿಕ್ಕಿತು.

“ಎಳೆಗೆ ಹಾಕಿದ್ ಗಂಜಿ ಒಣಗೈತೆ. ಏಟು ಒಣಒಣ ಕೇಳ್ತೈತೆ ನೋಡ್ರಿ. ಈಗ ಎಳೆ ಹರಿತದೆ.”

ಪೆಟ್ಟು ನಿಂತಿತು. ಒಂದೇ ತಂತಿ ಮಿಡಿಯುತ್ತಿತ್ತು. ಯುವಕ ಮುಗುಳ್ನಕ್ಕ. ಈ ನಿಲುಗಡೆ ಎಲ್ಲರಿಗೂ ಗೊತ್ತಲ್ಲವೇ ಮೇಡಂ, ಆಮೇಲೆ ಡ್ರಮ್ಸ್ ಸಿಡಿಲಿನ ಹಾಗೆ ಬರುತ್ತದೆ ಎಂದ. ಸ್ಟುಡಿಯೋದ ಹಾಡಿನಲ್ಲಿ ಬರುವುದು ಹಾಗೇ.

“ಹೆಂಗ್ ಬರ್ತೈತೆ?” ಅಂದಳು ಅವ್ವ. “ಹೊಸ ಗಂಟಿನ ಮ್ಯಾಲೆ ಜೋರಾಗಿ ಹೊಡೆಯಂಗಿಲ್ರಿ, ಬಿಚ್ಕಂತದೆ. ನಾಕೇಟು ಮೆಲ್ಲಕ್ಕೆ ಹಾಕ್ಬೇಕು.”

ಒಂದು. ಎರಡು. ಮೂರು. ನಾಲ್ಕು. ನಾಲ್ಕೂ ಮಗುವಿನ ಬೆನ್ನು ತಟ್ಟಿದಷ್ಟು ಮೆಲ್ಲಗೆ ಬಂದವು, ಐದನೆಯದು ಮೊದಲಿನ ಭಾರಕ್ಕೆ ಬಿತ್ತು. ಯುವಕ ಅದನ್ನೇ ಹಿಂದಕ್ಕೆ ಹಾಕಿ ಮೂರು ಸಲ ಕೇಳಿದ. ಆಮೇಲೆ ಬೆಂಗಳೂರಿಗೆ ಫೋನು ಮಾಡಿ, ಕಿಟಕಿಯ ಬಳಿ ನಿಂತು ಬಹಳ ಹೊತ್ತು ಮಾತಾಡಿದ. ಬಂದು ಕೂತಾಗ ಅವನ ದನಿ ಬದಲಾಗಿತ್ತು.

“ಕೊಂಡವರಿಗೆ ಕೊಡುವ ಪಟ್ಟಿ ತಿದ್ದೋಣ ಅಂದರು. ಮಗ್ಗ ಅಂತ ಹಾಕುತ್ತೇನೆ. ಮುಂದೆ ಯಾರ ಹೆಸರು ಬರೆಯಲಿ?”

ಅವ್ವ ಸೆರಗು ಸರಿಮಾಡಿಕೊಂಡು, ನಮ್ಮನೆಯೋರ್ದು ಬರೀರಿ ಎಂದು ಅಪ್ಪನ ಹೆಸರು ಹೇಳಿದಳು.

ನನಗೆ ಸಿಟ್ಟು ನೆತ್ತಿಗೇರಿತು. ಅವಳ ಮೇಲೋ ನನ್ನ ಮೇಲೋ ತಿಳಿಯಲಿಲ್ಲ. “ಅವ್ವ, ಸಂತೆಯಲ್ಲಿ ನೀನು ಹೇಳಿಸಿದಷ್ಟು ಸಲ ಹೇಳಿದ್ದೀನಿ. ಇನ್ನು ನನ್ನ ಬಾಯಲ್ಲಿ ಅದು ಬರಲ್ಲ” ಎಂದೆ. ಅವ್ವ ನನ್ನ ಮುಖವನ್ನೇ ನೋಡಿದಳು. ನಾನು ಯುವಕನಿಗೆ ಅವಳ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ. ಗಂಡನ ಹೆಸರೇನೆಂದು ಅವಳು ಆಗಲೇ ಹೇಳಿದ್ದಳಲ್ಲ, ಅವನು ಅದರ ಮೊದಲಕ್ಷರವನ್ನೂ ವಾಡಿಕೆಯಂತೆ ಮುಂದೆ ಸೇರಿಸಿ, ಸರಿಯಿದೆಯಾ ನೋಡಿ ಎಂದು ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದ.

ಅವ್ವ ಮೂರನೇ ಕ್ಲಾಸಿನವರೆಗೆ ಓದಿದವಳು. ಪರದೆಯ ಮೇಲೆ ಬೆರಳಿಟ್ಟು, ತುಟಿಯಲ್ಲೇ ಕೂಡಿಸಿಕೊಂಡು ನಿಧಾನವಾಗಿ ಓದಿದಳು. ಕೊನೆಯವರೆಗೆ ಹೋದ ಬೆರಳು ಮತ್ತೆ ಶುರುವಿಗೆ ಬಂದು, ಆ ಮೊದಲಕ್ಷರದ ಮೇಲೆ ನಿಂತಿತು.

“ಇದನ್ನ ತೆಗೀರಿ. ಅವತ್ತು ಅವ್ರು ಕುರಿ ಹಿಂದೆ ಇದ್ರು. ಮಗ್ಗದ ಕುಣ್ಯಾಗೆ ಇದ್ದಾಕೆ ನಾನೊಬ್ಳೇ.”