ಕಪ್ಪು ಬೂಷ್ಟಿನ ಕೋಣೆ

ವಾನಳ್ಳಿಯ ಶ್ರೀವಾಣಿ ಧಾರವಾಡದಲ್ಲಿ ಸೂಕ್ಷ್ಮಜೀವಶಾಸ್ತ್ರ ಓದಿ ಬಂದಮೇಲೆ ಶಿರಸಿಯ ಹೊರವಲಯದ ಒಂದು ಜ್ಯೂಸ್ ಕಾರ್ಖಾನೆಗೆ ಸೇರಿದಳು. ಹಿಂದಿನ ಅಂಗಳದಲ್ಲಿ ಅನಾನಸಿನ ಸಿಪ್ಪೆ ರಾಶಿ ಬಿದ್ದು ನಾರುತ್ತಿತ್ತು. ಅದರ ಮೇಲೇ ಬೂಷ್ಟು ಬೆಳೆಸಿ ಕಿಣ್ವ ತೆಗೆಯಬಹುದು, ರಸ ತಿಳಿಯಾಗಿಸಲು ಮುಂಬೈಯಿಂದ ಕಿಣ್ವದ ಪುಡಿ ತರಿಸಬೇಕಿಲ್ಲ ಎಂದಳು. ಮಾಲೀಕ ಶಿವಲಿಂಗಪ್ಪ ಹಾನಗಲ್ ಕಡೆಯವನು. "ಮಾಡಿ ತೋರಿಸ್ರಿ" ಎಂದ.

ಸಿಪ್ಪೆಗೆ ಗೋಧಿ ಬೂಸಾ ಬೆರೆಸಿ ಬೇಯಿಸಿ, ತಟ್ಟೆಗಳಲ್ಲಿ ಹರಡಿ, ಕಪ್ಪು ಬೂಷ್ಟು ಹಿಡಿಸಿದಳು. ಅದನ್ನು ನೀರಲ್ಲಿ ನೆನೆಸಿ ಸೋಸಿ, ತಣ್ಣಗಿನ ಸ್ಪಿರಿಟ್ ಹೊಯ್ದರೆ ತಳದಲ್ಲಿ ಕಿಣ್ವ ಕಂದು ಗಸಿಯಾಗಿ ನಿಲ್ಲುತ್ತಿತ್ತು. ಎಷ್ಟೋ ಸಲ ಕೆಟ್ಟಿತು. ಕೊನೆಗೊಂದು ದಿನ ಆ ಗಸಿ ಹಾಕಿದ ರಸ ಸಂಜೆಯೊಳಗೆ ತಿಳಿಯಾಯಿತು. ಲೋಟವನ್ನು ಕಿಟಕಿಗೆ ಹಿಡಿದು ಒಬ್ಬಳೇ ನಕ್ಕಳು.

ಕೆಲಸ ಹೆಚ್ಚಿದಾಗ ದುರ್ಗಮ್ಮ ಮತ್ತು ಇನ್ನಿಬ್ಬರು ಹುಡುಗಿಯರು ಕೂಲಿಗೆ ಬಂದರು. ನೆನೆಸುವ ಮೊದಲು ಒಣಗಿದ ಬೂಷ್ಟನ್ನು ಕೈಯಲ್ಲಿ ಪುಡಿ ಮಾಡುವುದು ದುರ್ಗಮ್ಮನ ಪಾಲು. ಮುಚ್ಚಿದ ಕೋಣೆಯಲ್ಲಿ ಕಪ್ಪು ಧೂಳು ಏಳುತ್ತಿತ್ತು. ಧಾರವಾಡದಲ್ಲಿ ಇದನ್ನು ಗಾಜಿನ ಪೆಟ್ಟಿಗೆಯೊಳಗೆ ಮಾಡುತ್ತಿದ್ದರು. ಶ್ರೀವಾಣಿ ಗಾಳಿ ಹೊರಹಾಕುವ ಫ್ಯಾನು ಕೇಳಿದಳು. "ಸೀಸನ್ ಮುಗೀಲಿ, ನೋಡೋಣು" ಎಂದ ಶಿವಲಿಂಗಪ್ಪ. ಮೂಗಿಗೆ ಸೆರಗು ಕಟ್ಟಿಕೊ ಎಂದು ದುರ್ಗಮ್ಮನಿಗೆ ಹೇಳಿ ಶ್ರೀವಾಣಿಯೂ ಅಷ್ಟಕ್ಕೇ ಬಿಟ್ಟಳು.

ಮರುವರ್ಷ ದುರ್ಗಮ್ಮನಿಗೆ ಕೆಮ್ಮು ಹತ್ತಿತು. ಆಮೇಲೆ ದಮ್ಮು. ಧೂಳು ಶ್ವಾಸಕೋಶಕ್ಕೆ ಇಳಿದಿದೆ ಎಂದರು ಡಾಕ್ಟರು. ಶಿವಲಿಂಗಪ್ಪ ಅವಳನ್ನು ಕೆಲಸದಿಂದ ಬಿಡಿಸಿದ.

"ಕೋಣೆ ಸರಿ ಮಾಡ್ಸಿ. ಇಲ್ದಿದ್ರೆ ನಾನು ಕೆಲಸ ಬಿಡ್ತೇನೆ" ಎಂದಳು ಶ್ರೀವಾಣಿ.

"ಬಿಡ್ರಿ ಮೇಡಂ. ಎಲ್ಲಾ ಕಲಿಸೀರಲ್ಲ, ಹುಡುಗ್ಯಾರು ಮಾಡ್ತಾರ."

ಅವಳು ಬಿಟ್ಟಳು. ಕೋಣೆಯ ಕೆಲಸ ನಡೆಯುತ್ತಲೇ ಇತ್ತು.

ಮಳೆ ಹಿಡಿಯುವ ಮೊದಲು ಆಸ್ಪತ್ರೆಯ ಜಗಲಿಯಲ್ಲಿ ದುರ್ಗಮ್ಮ ಸಿಕ್ಕಳು. ಗೋಡೆಗೆ ಒರಗಿ, ಎರಡೆರಡು ಮಾತಿಗೆ ನಿಂತು ಉಸಿರು ಎಳೆದುಕೊಳ್ಳುತ್ತಿದ್ದಳು. ಬಯ್ಯುತ್ತಾಳೆ ಎಂದುಕೊಂಡೇ ಶ್ರೀವಾಣಿ ಹತ್ತಿರ ಹೋದಳು.

"ಅಮ್ಮಾ, ನನ್ನ ಮಗಳು ನೇತ್ರಾನ್ನ ಆ ಕೆಲಸಕ್ಕೆ ಹಾಕ್ಸಿ ಕೊಡಿ. ನೀವು ಒಂದು ಮಾತು ಹೇಳಿದ್ರೆ ಸಾಕು."

"ಬೇಡ ದುರ್ಗಮ್ಮ. ನಿಂಗೆ ಆದದ್ದು ಸಾಲದಾ? ಬೇರೆ ಎಂತಾದ್ರೂ ನೋಡುವಾ."

"ಬೇರೆ ಕೆಲಸ ಎಲ್ಲುಂಟು?" ದುರ್ಗಮ್ಮ ಮುಖ ತಿರುಗಿಸಿದಳು. "ನಿಮ್ಗೆ ಮನಸ್ಸಿಲ್ಲ, ಅಷ್ಟೇ."

ಶ್ರೀವಾಣಿ ಮತ್ತೂ ಏನೋ ಹೇಳಲು ಹೋದಳು. ದುರ್ಗಮ್ಮ ಕಿವಿಗೊಡಲಿಲ್ಲ. ಮುಂದಿನ ಸೋಮವಾರ ಯಾರ ಮಾತೂ ಬೇಕಾಗದೆ ನೇತ್ರಾಳಿಗೆ ಅದೇ ಕೋಣೆಯಲ್ಲಿ ಕೆಲಸ ಸಿಕ್ಕಿತು.