ಅಕ್ಕ ಉಜ್ಜಿದ ಚಾಕು

ನಾನು ಚಿಕ್ಕವಳಿದ್ದಾಗ ಯಶವಂತಪುರದ ನಮ್ಮ ಮನೆಯ ಬಿಸ್ಕತ್ತಿನ ಡಬ್ಬಗಳಲ್ಲಿ ಬಿಸ್ಕತ್ತೊಂದನ್ನು ಬಿಟ್ಟು ಬೇರೆಲ್ಲ ಇರುತ್ತಿತ್ತು. ಒಂದರಲ್ಲಿ ಅಮ್ಮನ ಸೂಜಿ, ದಾರ, ಗುಂಡಿ. ಇನ್ನೊಂದರಲ್ಲಿ ಅಪ್ಪನ ಚಾಕುಗಳು. ತರಕಾರಿ ಹೆಚ್ಚುವ ಚಾಕುಗಳಲ್ಲ, ಮಡಚಿ ಜೇಬಿಗೆ ಹಾಕಿಕೊಳ್ಳುವ ಪುಟ್ಟ ಪುಟ್ಟ ಹಳೇ ಚಾಕುಗಳು. ಮುಚ್ಚಳ ತೆಗೆದರೆ ಹೊಲಿಗೆ ಮಷಿನ್ ಎಣ್ಣೆ ಮತ್ತು ಹಳೇ ಕಬ್ಬಿಣ ಸೇರಿದ ಒಂದು ವಾಸನೆ ಬರುತ್ತಿತ್ತು. ನನಗೆ ಅದು ಮಲ್ಲಿಗೆ ಹೂವಿಗಿಂತ ಇಷ್ಟ. ನೀವು ನಗುತ್ತೀರಿ ಅಂತ ಗೊತ್ತು, ನಗಿ.

ಅಪ್ಪ ಪೀಣ್ಯದ ಕಡೆ ಒಂದು ಸಣ್ಣ ಲೇತ್ ವರ್ಕ್‌ಶಾಪಿನಲ್ಲಿ ಕೆಲಸ ಮಾಡುತ್ತಿದ್ದರು. ಭಾನುವಾರ ಬಂತೆಂದರೆ ಸೈಕಲ್ ಹತ್ತಿ ಗುಜರಿ ಅಂಗಡಿಗಳನ್ನು ಸುತ್ತಲು ಹೊರಡುತ್ತಿದ್ದರು. ಮುರಿದ ಬೀಗ, ನಲ್ಲಿ, ತಕ್ಕಡಿಬಟ್ಟಲುಗಳ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಕೆದಕುತ್ತಿದ್ದರು. ಊರಿನವರೆಲ್ಲ ಮನೆಯಲ್ಲಿರುವುದನ್ನು ಗುಜರಿಗೆ ಹಾಕಿದರೆ ಇವರು ಗುಜರಿಯಲ್ಲಿರುವುದನ್ನು ಮನೆಗೆ ತಂದು ಹಾಕುತ್ತಾರೆ ಎಂದು ಅಮ್ಮ ಬಂದವರ ಮುಂದೆಲ್ಲ ಹೇಳಿಕೊಂಡು ನಗುತ್ತಿದ್ದಳು. ಅಪ್ಪನೂ ಜೊತೆಗೆ ನಗುತ್ತಿದ್ದರು. ಆದರೆ ಒಬ್ಬರಾದರೂ ಕೂತು ತಾವು ತಂದ ಚಾಕುಗಳನ್ನು ಸರಿಯಾಗಿ ನೋಡಲಿ ಎಂಬ ಆಸೆ ಅವರಿಗಿತ್ತು. ಇಲ್ಲದಿದ್ದರೆ ಎರಡನೇ ಕ್ಲಾಸಿನ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಷ್ಟೆಲ್ಲ ಯಾಕೆ ಹೇಳಿಕೊಡುತ್ತಿದ್ದರು?

ಚಾಕುವನ್ನು ಮೊದಲು ಕಿವಿಯ ಹತ್ತಿರ ಹಿಡಿದು ಬಿಚ್ಚಬೇಕು. ಒಳಗಿನ ಸ್ಪ್ರಿಂಗ್ ಪಟ್ಟಿಗೆ ಇನ್ನೂ ಬಲವಿದ್ದರೆ 'ಟಕ್' ಎಂದು ಗಟ್ಟಿಯಾಗಿ ಕೂರುತ್ತದೆ. ಅಲಗನ್ನು ಅತ್ತಿತ್ತ ಅಲ್ಲಾಡಿಸಿದರೆ ಅದು ಅಲ್ಲಾಡಬಾರದು. ಹಿಡಿಯನ್ನು ಬೆಳಕಿಗೆ ಹಿಡಿದಾಗ ಸೂಜಿಮೊನೆಯಂಥ ಕಪ್ಪು ಚುಕ್ಕಿಗಳು ಕಂಡರೆ ಮೂಳೆ, ಕಾಣದಿದ್ದರೆ ಬರೀ ಪ್ಲಾಸ್ಟಿಕ್. ಆಮೇಲೆ ಅಲಗಿನ ಮೇಲೆ ಬೆರಳಾಡಿಸಬೇಕು. ಬೆರಳಿಗೆ ಕೆಂಪು ಅಂಟಿದರೆ ಅದು ತುಕ್ಕು, ಕಾಯಿಲೆ ಇದ್ದ ಹಾಗೆ. ಏನೂ ಅಂಟದೆ ಬೂದು, ನೀಲಿ, ಕಪ್ಪು ಬಣ್ಣ ಅಲ್ಲೇ ಉಳಿದರೆ ಅದು ವಯಸ್ಸಿನ ಬಣ್ಣ. ಅದನ್ನು ಯಾವ ಕಾರಣಕ್ಕೂ ಉಜ್ಜಬಾರದು, ಒಂದು ತೊಟ್ಟು ಎಣ್ಣೆ ಹಾಕಿ ಬಟ್ಟೆಯಲ್ಲಿ ಒರೆಸಿದರೆ ಸಾಕು. ಕೊನೆಯದಾಗಿ ಅಲಗಿನ ಬುಡ ನೋಡಬೇಕು. ಮಾಡಿದವರು ಅಲ್ಲಿ ಇರುವೆ ಸಾಲಿನಷ್ಟು ಸಣ್ಣಗೆ ತಮ್ಮ ಹೆಸರಿನ ಮುದ್ರೆ ಒತ್ತಿರುತ್ತಾರೆ. ಹಳೇ ಚಾಕುವಿಗೆ ಆ ಮುದ್ರೆಯೇ ಜಾತಕ. ಅದು ಸವೆದು ಹೋದರೆ ಎಂಥ ಚಾಕುವಾದರೂ ಬೆಲೆ ಬಿದ್ದುಹೋಗುತ್ತದೆ.

ಇದೆಲ್ಲ ನನಗೆ ಬಾಯಿಪಾಠವಾಗಿತ್ತು. ಅಕ್ಕನಿಗೆ ಒಂದೂ ಗೊತ್ತಿರಲಿಲ್ಲ. ಅವಳು ದೊಡ್ಡವಳು, ಹೈಸ್ಕೂಲು ಬೇರೆ, ಉಳಿದ ಹೊತ್ತಿನಲ್ಲಿ ಅಮ್ಮನ ಜೊತೆ ಅಡುಗೆಮನೆ.

ಆ ವರ್ಷ ದಸರೆಗೆ ಸ್ವಲ್ಪ ಮುಂಚೆ ಅಪ್ಪನಿಗೆ ಒಂದು ಚಾಕು ಸಿಕ್ಕಿತು. ನನ್ನ ಅಂಗೈಯಷ್ಟು ಉದ್ದ, ಎರಡು ಅಲಗು, ಜೇನಿನ ಬಣ್ಣಕ್ಕೆ ತಿರುಗಿದ ಮೂಳೆ ಹಿಡಿ. ಬುಡದಲ್ಲಿ ಮುದ್ರೆ ಮಸುಕಾಗಿದ್ದರೂ ಓದಲು ಬರುತ್ತಿತ್ತು. ಆ ದಿನ ಅಪ್ಪ ಊಟ ಮಾಡುವುದನ್ನೂ ಮರೆತಿದ್ದರು. ಗುಜರಿ ಅಂಗಡಿಗೆ ಆರ್.ಟಿ. ನಗರದಿಂದ ಒಬ್ಬ ಹಿರಿಯರು ಬರುತ್ತಿದ್ದರು. ಜೇಬಿನಲ್ಲಿ ಯಾವಾಗಲೂ ಭೂತಗನ್ನಡಿ ಇಟ್ಟುಕೊಳ್ಳುತ್ತಿದ್ದರಿಂದ ನಾನು ಅವರಿಗೆ ಭೂತಗನ್ನಡಿ ತಾತ ಎಂದು ಹೆಸರಿಟ್ಟಿದ್ದೆ. ಹಳೇ ಚಾಕುಗಳ ವಿಷಯದಲ್ಲಿ ಅವರು ಹೇಳಿದ್ದೇ ಕೊನೆಯ ಮಾತು. ಭಾನುವಾರ ಸಂಜೆ ಅವರ ಮನೆಯಲ್ಲಿ ನಾಲ್ಕಾರು ಜನ ಸೇರಿ, ತಮ್ಮ ತಮ್ಮ ಚಾಕುಗಳನ್ನು ಮೇಜಿನ ಮೇಲೆ ಹರಡಿ, ಕಾಫಿ ಕುಡಿಯುತ್ತ ಮಾತಾಡುತ್ತಿದ್ದರಂತೆ. ಅಪ್ಪ ಹೊಸ ಚಾಕುವಿನ ಬಗ್ಗೆ ಹೇಳಿದಾಗ ಅವರು, ಹಬ್ಬದ ದಿನ ನಿಮ್ಮ ಮನೆಗೇ ಬಂದು ನೋಡುತ್ತೇನೆ, ನೀವು ಹೇಳಿದ ಹಾಗೇ ಇದ್ದರೆ ಮುಂದಿನ ಭಾನುವಾರದಿಂದ ನೀವೂ ನಮ್ಮ ಜೊತೆ ಕೂರಬೇಕು ಎಂದಿದ್ದರು. ಅಪ್ಪ ಮನೆಗೆ ಬಂದು ಇದನ್ನು ಮತ್ತೆ ಮತ್ತೆ ಹೇಳಿದರು. ಅಮ್ಮ ಸಹ ಈ ಸಲ ನಗಲಿಲ್ಲ.

ಆಯುಧಪೂಜೆಯ ಬೆಳಗ್ಗೆ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ವರ್ಕ್‌ಶಾಪಿನ ಪೂಜೆಗೆ ಹೋದರು. ಅಮ್ಮ ಮತ್ತು ನಾನು ಬೂದುಗುಂಬಳಕಾಯಿ, ಸೇವಂತಿಗೆ, ಮಾವಿನೆಲೆ ತರಲು ಮಾರ್ಕೆಟ್ಟಿಗೆ ಹೊರಟೆವು. ಮಸಿ ಹಿಡಿದ ಕಬ್ಬಿಣವನ್ನು ದೇವರ ಮುಂದೆ ಇಡಬಾರದು ಎಂದು ಅಮ್ಮ ಪ್ರತಿವರ್ಷ ಅಪ್ಪನ ಚಾಕುಗಳನ್ನು ಪೂಜೆಯಿಂದ ಹೊರಗಿಡುತ್ತಿದ್ದಳು. ಈಳಿಗೆಮಣೆ, ಕತ್ತರಿ, ಸ್ಪ್ಯಾನರ್, ಸೈಕಲ್ ಎಲ್ಲಕ್ಕೂ ಕುಂಕುಮ ಹತ್ತುತ್ತಿತ್ತು. ಚಾಕುಗಳಿಗೆ ಮಾತ್ರ ಇಲ್ಲ. ಅಕ್ಕನ ಮನಸ್ಸನ್ನು ಇದು ಕೊರೆಯುತ್ತಿತ್ತು ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ನಾವು ಬರುವಷ್ಟರಲ್ಲಿ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಚಾಕುಗಳು ಸಾಲಾಗಿ ಪಳಪಳ ಹೊಳೆಯುತ್ತಿದ್ದವು. ಅಕ್ಕ ಹುಣಸೆಹಣ್ಣು, ಒಲೆಯ ಬೂದಿ ಹಚ್ಚಿ, ಸಾಲದು ಎಂದು ಅಪ್ಪನ ಉಪ್ಪುಕಾಗದವನ್ನೂ ತಂದು ತಿಕ್ಕಿದ್ದಳು. ಬೆರಳ ತುದಿಗಳು ಕೆಂಪಗಾಗಿದ್ದವು. ಹೊಸ ಚಾಕುವನ್ನು ಎಲ್ಲಕ್ಕಿಂತ ಚೆನ್ನಾಗಿ ತಿಕ್ಕಿದ್ದಳು. ಬರುವವರು ದೊಡ್ಡವರು, ಅಪ್ಪನ ಸಾಮಾನು ನೋಡಿ ಮೂಗು ಮುರಿಯಬಾರದು ಎಂಬುದು ಅವಳ ಯೋಚನೆ. ನಾನು ಅದನ್ನು ಎತ್ತಿಕೊಂಡು ಬುಡ ನೋಡಿದೆ. ಇರುವೆ ಸಾಲು ಇರಲಿಲ್ಲ.

ಅಷ್ಟರಲ್ಲಿ ಅಪ್ಪ ಕಡ್ಲೆಪುರಿಯ ಪೊಟ್ಟಣ ಹಿಡಿದುಕೊಂಡು ಬಂದರು. ಅಕ್ಕ ಹೊಸ ಚಾಕುವನ್ನು ಅವರ ಕೈಗೆ ಕೊಟ್ಟು, ಮುಖವನ್ನೇ ನೋಡುತ್ತ ನಿಂತಳು. ಅಪ್ಪ ಬಾಗಿಲ ಬೆಳಕಿಗೆ ಹೋದರು. ಹೆಬ್ಬೆರಳಿನಿಂದ ಬುಡವನ್ನು ಒಮ್ಮೆ ಸವರಿದರು, ಮತ್ತೊಮ್ಮೆ ಸವರಿದರು. ನಾನು ಉಸಿರು ಬಿಗಿಹಿಡಿದು ನಿಂತಿದ್ದೆ.

"ಚೆನ್ನಾಗಿದ್ಯಾ ಅಪ್ಪ?" ಎಂದಳು ಅಕ್ಕ.

"ತುಂಬಾ ಚೆನ್ನಾಗಿದೆ ಕಣಮ್ಮ," ಎಂದರು ಅಪ್ಪ. "ಪೂಜೆಗೆ ಇಡು."

ಅವತ್ತು ಮೊದಲ ಸಲ ಅಪ್ಪನ ಚಾಕುಗಳಿಗೆ ಕುಂಕುಮ ಬಿತ್ತು. ಗಂಧದಕಡ್ಡಿ, ಕರ್ಪೂರ, ಬೂದುಗುಂಬಳದ ಹಸಿ ವಾಸನೆ. ಸೈಕಲ್ ಚಕ್ರದ ಕೆಳಗೆ ಇಟ್ಟ ನಿಂಬೆಹಣ್ಣು ಪಚಕ್ ಎಂದಾಗ ಅಕ್ಕ ಕೈ ತಟ್ಟಿದಳು. ನಾನು ಮಾತ್ರ ನನ್ನ ಪಾಲಿನ ಕಡ್ಲೆಪುರಿಯನ್ನು ಹಾಗೇ ಪೊಟ್ಟಣಕ್ಕೆ ಸುರಿದೆ.

ಸಂಜೆ ಭೂತಗನ್ನಡಿ ತಾತ ಬಂದರು. ಚಾಪೆಯ ಮೇಲೆ ಕೂತು, ಕನ್ನಡಕ ಒರೆಸಿಕೊಂಡು, ಚಾಕುವನ್ನು ಬಿಚ್ಚಿ ಭೂತಗನ್ನಡಿಯಲ್ಲಿ ನೋಡಿದರು. ಹತ್ತಿರದ ಹಳಿಯ ಮೇಲೆ ಗೂಡ್ಸ್ ರೈಲೊಂದು ಹೋಗಿ ಮುಗಿಯುವವರೆಗೂ ನೋಡಿದರು. ಅಕ್ಕ ಕಾಫಿ ಲೋಟ ಹಿಡಿದು ಒಳಗಿನಿಂದ ಬಂದಳು.

"ಯಾರ್ರೀ ಇದನ್ನ ಉಜ್ಜಿದ್ದು?" ಎಂದರು ತಾತ. "ಮುದ್ರೆ ಹೋಗಿದೆ, ಬಣ್ಣ ಹೋಗಿದೆ. ಇನ್ನೇನಿದೆ ಇದ್ರಲ್ಲಿ?"

ಅಕ್ಕ ಹೊಸ್ತಿಲಲ್ಲೇ ನಿಂತುಬಿಟ್ಟಳು.

"ನಾನೇ ಸಾರ್," ಎಂದರು ಅಪ್ಪ. "ಹಬ್ಬ ಅಲ್ವಾ, ಸ್ವಲ್ಪ ಜಾಸ್ತಿನೇ ಉಜ್ಜಿಬಿಟ್ಟೆ."

ನಾನು ಬಾಯಿ ತೆರೆದೆ. ಅಪ್ಪ ನನ್ನ ಕಡೆ ಒಂದೇ ಒಂದು ಸಲ ನೋಡಿದರು, ಅಷ್ಟಕ್ಕೆ ನನ್ನ ಬಾಯಿ ಮುಚ್ಚಿತು. ತಾತ ಕೆಟ್ಟವರಲ್ಲ, ಅಂಥ ಚಾಕು ಹಾಳಾಯಿತಲ್ಲ ಎಂದು ಅವರಿಗೆ ನಿಜವಾಗಿಯೂ ನೋವಾಗಿತ್ತು. ಹಳೇ ಚಾಕುವನ್ನು ಯಾಕೆ ಉಜ್ಜಬಾರದು, ತುಕ್ಕು ಯಾವುದು, ಬಣ್ಣ ಯಾವುದು, ಒಂದು ತೊಟ್ಟು ಎಣ್ಣೆ ಹೇಗೆ ಸಾಕು ಎಂದು ಒಂದೊಂದಾಗಿ ವಿವರಿಸಿದರು. ಅಪ್ಪ ನನಗೆ ಹೇಳಿಕೊಟ್ಟಿದ್ದ ಮಾತುಗಳೇ ಅವು. ಅದನ್ನೆಲ್ಲ ಅಪ್ಪ ಈಗಷ್ಟೇ ಕೇಳುತ್ತಿರುವವರ ಹಾಗೆ ತಲೆಯಾಡಿಸುತ್ತ ಕೇಳಿದರು. ಏಳುವಾಗ ತಾತ, "ನಿಮಗೆ ಗೊತ್ತಿದೆ ಅನ್ಕೊಂಡಿದ್ದೆ ಕಣ್ರೀ," ಎಂದರು. ಭಾನುವಾರದ ಮಾತು ಎತ್ತಲಿಲ್ಲ. ಅಪ್ಪನೂ ಕೇಳಲಿಲ್ಲ. ಬಾಗಿಲ ತನಕ ಹೋಗಿ, ಅವರ ಕೈಗೆ ಕಡ್ಲೆಪುರಿಯ ಪೊಟ್ಟಣ ಕೊಟ್ಟು ಕಳಿಸಿದರು.

ಅಕ್ಕ ಹಿತ್ತಲಿನ ಕಲ್ಲಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಅಪ್ಪ ಒಂದು ಸೀಬೆಹಣ್ಣು ತೆಗೆದುಕೊಂಡು ಹೋಗಿ ಪಕ್ಕದಲ್ಲಿ ಕೂತರು. ಆ ಚಾಕುವಿನಲ್ಲೇ ಹಣ್ಣನ್ನು ಹೋಳು ಮಾಡಿ, ಒಂದು ಹೋಳನ್ನು ಅವಳ ಕೈಗಿಟ್ಟು, ಚಾಕುವನ್ನು ಒರೆಸಿ ಮಡಚಿ ಅದನ್ನೂ ಅವಳ ಕೈಗೇ ಇಟ್ಟರು.

"ಇನ್ಮೇಲೆ ಇದು ನಿಂದು. ದಿನಾ ಹಣ್ಣು ಕುಯ್ಯಿ, ಒರೆಸಿಡು. ಬಣ್ಣ ತಾನಾಗೇ ಬರುತ್ತೆ."

"ಅಳಿಸಿಹೋದ ಹೆಸರು?" ಎಂದಳು ಅಕ್ಕ.

"ಅದನ್ನ ನಾನು ಓದಿದೀನಲ್ಲ," ಎಂದರು ಅಪ್ಪ.

ಭೂತಗನ್ನಡಿ ತಾತ ಮತ್ತೆ ನಮ್ಮ ಮನೆಗೆ ಬರಲಿಲ್ಲ. ಅಪ್ಪ ಗುಜರಿ ಅಂಗಡಿಗೆ ಹೋಗುವುದನ್ನು ಬಿಡಲಿಲ್ಲ. ಆದರೆ ಭಾನುವಾರದ ಆ ಮೇಜಿನ ಸುತ್ತ ಕೂರಲು ಅವರನ್ನು ಯಾರೂ ಕರೆಯಲೇ ಇಲ್ಲ. ಇದನ್ನು ನೆನೆದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ. ಅಕ್ಕ ಮದುವೆಯಾಗಿ ಟಿ. ದಾಸರಹಳ್ಳಿಗೆ ಹೋಗುವಾಗ ಚಾಕುವನ್ನೂ ತೆಗೆದುಕೊಂಡು ಹೋದಳು. ಸೀಬೆ, ಮಾವು, ನಿಂಬೆಯ ರಸ ಕುಡಿದು ಕುಡಿದು ಅದರ ಅಲಗು ಮತ್ತೆ ಮಳೆಮೋಡದ ಬಣ್ಣಕ್ಕೆ ಬಂತು.

ಈಗ ನಾನು ಪುಟ್ಟೇನಹಳ್ಳಿ ಕೆರೆ ಕಾಣುವ ಈ ಮನೆಯಲ್ಲಿ ಮೊಮ್ಮಕ್ಕಳಾದ ನಿಮ್ಮ ಜೊತೆ ಇದ್ದೇನೆ. ನಿಮ್ಮ ಕಾಲದಲ್ಲಿ ಗುಜರಿ ರಾಶಿ ಕೆದಕಬೇಕಾಗಿಲ್ಲ. ಫೋನಿನಲ್ಲಿ ಫೋಟೋ ತೆಗೆದರೆ ಯಾವ ಚಾಕು, ಎಷ್ಟು ಹಳೆಯದು, ಎಷ್ಟಕ್ಕೆ ಹೋಗುತ್ತದೆ ಎಂದು ಅದೇ ಹೇಳುತ್ತದೆ. ಹುಣಸೆಹಣ್ಣು, ಬೂದಿ ಬೇಡ, ಟ್ಯೂಬಿನಲ್ಲಿ ಕ್ರೀಮ್ ಬರುತ್ತದೆ, ಹಚ್ಚುವುದು ಹೇಗೆಂದು ವಿಡಿಯೋ ತೋರಿಸುತ್ತದೆ. ಹೋದ ದಸರೆಗೆ ನಾವೆಲ್ಲ ಅಕ್ಕನ ಮನೆಗೆ ಹೋಗಿದ್ದಾಗ ನಿಮ್ಮಲ್ಲೊಬ್ಬರು ಏನು ಮಾಡಿದಿರಿ ಎಂದು ನೆನಪಿದೆಯಲ್ಲ? ಯಾರು ಎಂದು ನಾನು ಹೇಳುವುದಿಲ್ಲ, ಕಿವಿ ಕೆಂಪಗಾಗಿರುವವರೇ ಇರಬೇಕು. ದೊಡ್ಡಜ್ಜಿಗೆ ಖುಷಿಯಾಗಲಿ ಎಂದು ಅಡುಗೆಮನೆಯಿಂದ ಆ ಚಾಕುವನ್ನು ಎತ್ತಿಕೊಂಡು, ಮಹಡಿಯಲ್ಲಿ ಕೂತು, ಕನ್ನಡಿಯ ಹಾಗೆ ಉಜ್ಜಿ ತಂದು ಅವಳ ಕೈಗೆ ಕೊಟ್ಟಿರಿ.

ಅಕ್ಕ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅಷ್ಟು ವರ್ಷಗಳ ಬಣ್ಣ ಒಂದು ಚೂರೂ ಉಳಿದಿರಲಿಲ್ಲ. ಹೆಬ್ಬೆರಳಿನಿಂದ ಬುಡವನ್ನು ಒಮ್ಮೆ ಸವರಿದಳು. ನಾನು ಆ ಎರಡನೇ ಕ್ಲಾಸಿನ ಹುಡುಗಿಯ ಹಾಗೆ ಉಸಿರು ಬಿಗಿಹಿಡಿದು ನಿಂತಿದ್ದೆ.

"ತುಂಬಾ ಚೆನ್ನಾಗಿದೆ ಕಣಪ್ಪ," ಎಂದಳು ಅಕ್ಕ. "ಪೂಜೆಗೆ ಇಡು."

ಪೂಜೆ ಮುಗಿದ ಮೇಲೆ ಅವಳು ಚಪ್ಪಲಿ ಮೆಟ್ಟಿಕೊಂಡು, ರಸ್ತೆ ತುದಿಯ ತಳ್ಳುಗಾಡಿಗೆ ಸೀಬೆಹಣ್ಣು ತರಲು ಹೋದಳು.